ಗಟ್ಟಿಯಿಲ್ಲದ ಅಸ್ಥಿಪಂಜರ

ಗೆಳೆಯರೇ, ಇವತ್ತು ಉಪ್ಪಳದಲ್ಲಿ ಶಾಲಾ ವಿಜ್ಞಾನ ಮೇಳವಿತ್ತು. ನಾನು ಪಾಠ ಮಾಡುವ ಒಂಬತ್ತನೆಯ ತರಗತಿಯ ಸಫಾನಾ, ತೆಂಗಿನ ಗರಿಯ ಪೊರಕೆ, ಅಂದರೆ ಹಿಡಿಸೂಡಿಯ ಕಡ್ಡಿಗಳನ್ನು ಜೇಡಿಮಣ್ಣಿಗೆ ಚುಚ್ಚಿ ಜೀವಕೋಶಕ್ಕೆ ಒಳಗಿನಿಂದ ಆಕಾರ ಕೊಡುವ ಸೂಕ್ಷ್ಮ ಅಸ್ಥಿಪಂಜರದ ಮಾದರಿ ಮಾಡಿದ್ದಳು. ತೀರ್ಪುಗಾರರು ಮುಟ್ಟಿದ್ದೇ ತಡ, ಒಂದು ಕಡ್ಡಿ ಕೈಗೇ ಬಂತು.

“ಇದೆಂತ, ಗಟ್ಟಿಯೇ ಇಲ್ಲವಲ್ಲ?”

“ಅದು ಕಳಚಬೇಕು ಸರ್. ಕೋಶ ಎರಡಾಗುವಾಗ ಇದೆಲ್ಲ ಬಿಚ್ಚಿ ಬೇರೆ ರೀತಿ ಕಟ್ಟಿಕೊಳ್ಳಲಿಕ್ಕೆ ಉಂಟು.”

“ಅಸ್ಥಿಪಂಜರ ಅಂದ್ರೆ ಗಟ್ಟಿ ಇರಬೇಕು ಮಗಳೇ. ಮುಂದಿನ ಸಲ ಒಳ್ಳೆ ಗಮ್ ಹಾಕು.”

ಬಹುಮಾನ ಪಕ್ಕದ ಮೇಜಿನ ಸಿಮೆಂಟಿನ ಜ್ವಾಲಾಮುಖಿಗೆ ಹೋಯಿತು.

ಕೋಶದೊಳಗಿನ ನಿಜವಾದ ಕಡ್ಡಿಗಳು ಕಳಚದಂತೆ ಹಿಡಿದಿಡುವ ಔಷಧಿ ನಿಜಕ್ಕೂ ಇದೆ; ಕಳಚದಿದ್ದರೆ ಕೋಶ ಎರಡಾಗಲಾರದೆ ಸಾಯುತ್ತದೆ. ಅದನ್ನು ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಕೊಡುತ್ತಾರೆ. ಸಫಾನಾಳ ಕೋಶಕ್ಕೆ ಯಾವ ಕಾಯಿಲೆಯೂ ಇರಲಿಲ್ಲ; ತೀರ್ಪುಗಾರರು ಆ ಔಷಧಿಯನ್ನೇ ಬರೆದುಕೊಟ್ಟರು.