ಕರೆಂಟ್ ಹೋದಾಗಿನ ಮಾತು

ಕರೆಂಟ್ ಹೋದಾಗ ಒಂದು ಸದ್ದು ಬರುತ್ತದೆ. ಫ್ಯಾನು ಸಾವಕಾಶ ತಿರುಗಿ ನಿಲ್ಲುತ್ತದೆ, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಗುತ್ತದೆ, ಆಮೇಲೆ ಕಿವಿಯೊಳಗೆ ಗುಂಯ್ ಎನ್ನುವ ಖಾಲಿತನ. ಆ ಹೊತ್ತಿಗೆ ಉಳಿದವರೆಲ್ಲ ಮೇಣದಬತ್ತಿಯನ್ನೋ ಮೊಬೈಲನ್ನೋ ಹುಡುಕುತ್ತಾರೆ. ನನಗೆ ಮಾತ್ರ ಮಾತಾಡಬೇಕು ಅನಿಸುತ್ತದೆ. ಹೇಳುವಂಥದ್ದು ಏನೂ ಇರುವುದಿಲ್ಲ, ಆದರೂ ಲಗೂನ ಹೇಳಿ ಮುಗಿಸಬೇಕು, ಇಲ್ಲದಿದ್ದರೆ ಹೊತ್ತು ಮೀರುತ್ತದೆ ಎಂಬ ಅವಸರ ಎದೆಯಲ್ಲಿ ಏಳುತ್ತದೆ. ಇದು ನನ್ನೊಬ್ಬಳ ರೋಗ ಎಂದುಕೊಂಡಿದ್ದೆ. ಒಮ್ಮೆ ಹುಬ್ಬಳ್ಳಿಯ ಒಂದು ಮದುವೆ ಮನೆಯಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ ಪಕ್ಕದ ಕುರ್ಚಿಯ ಅಪರಿಚಿತ ಹೆಂಗಸು ನನ್ನ ಹಾಗೆಯೇ ಗಡಿಬಿಡಿಯಿಂದ ಮಾತು ಶುರು ಮಾಡಿದಳು. ಯಾವೂರು ಎಂದು ಕೇಳಿದೆ. ಗಜೇಂದ್ರಗಡ, ಅದೂ ನಮ್ಮ ಓಣಿಯ ಹಿಂದಿನ ಓಣಿ.

ನಮ್ಮದು ವಿದ್ಯುತ್ ಮಗ್ಗದ ಮನೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಇನ್ನೂ ನಿಂತಿರದ ಕಾಲ. ಪಡಸಾಲೆಯ ತುಂಬ ನಾಲ್ಕು ಮಗ್ಗ, ಎರಡು ಅಪ್ಪನವು, ಎರಡು ಅಪ್ಪನ ತಮ್ಮ ಪರಸು ಕಾಕಾನವು. ಮಗ್ಗಗಳ ಹಿಂದೆ ಅಡಿಗೆಮನೆ, ಅದರ ಹಿಂದೆ ಹಿತ್ತಲು. ಮುಂಜಾನೆ ಮಗ್ಗ ಹಚ್ಚಿದರೆಂದರೆ ನೆಲ, ಗೋಡೆ, ಮಾಡದೊಳಗಿನ ದೇವರ ಫೋಟೋ ಎಲ್ಲ ನಡುಗತೊಡಗುತ್ತಿದ್ದವು. ಕುಡಿಯುವ ನೀರಿನ ಹಂಡೆಯಲ್ಲಿ ಸಣ್ಣ ಸಣ್ಣ ಉಂಗುರ ಎದ್ದೇ ಇರುತ್ತಿದ್ದವು. ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಅದರ ಮೇಲೆ ಎಣ್ಣೆಯ ಕಮಟು. ಹತ್ತಿಯ ಧೂಳು ಹಾಲಿನ ಮೇಲೆ, ಅಪ್ಪನ ಹುಬ್ಬಿನ ಮೇಲೆ, ಆಯಿಯ ಜಪಮಣಿಯ ಮೇಲೆ ಕೂರುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ದಿನಕ್ಕೆ ಹತ್ತು ಸಲ ಸೆರಗಿನಿಂದ ಒರೆಸಿ, ಈ ಮನ್ಯಾಗ ಎಲ್ಲಾರೂ ಲಗೂ ಮುದುಕರಾಗತೀರಿ ಎಂದು ಬೈಯುತ್ತಿದ್ದಳು. ಬೈದದ್ದು ಯಾರಿಗೂ ಕೇಳುತ್ತಿರಲಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು.

ಆ ಮನೆಯಲ್ಲಿ ಹಗಲೆಲ್ಲ ತುಟಿ ಮತ್ತು ಕೈಯಿಂದಲೇ ಸಂಸಾರ ನಡೆಯುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ ಆಗಿದೆ ಎಂದು ಅರ್ಥ. ಹೆಬ್ಬೆರಳು ತುಟಿಗೆ ಹೋದರೆ ಚಹಾ. ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರ ಬಂದಿದ್ದಾನೆ ಅನ್ನಲು ಹೊಟ್ಟೆಯ ಮುಂದೆ ಗಾಳಿಯಲ್ಲಿ ಒಂದು ದೊಡ್ಡ ಗುಂಡು. ಕಾಕಾ ಇದರಲ್ಲಿ ಎಲ್ಲರಿಗಿಂತ ಕಿಲಾಡಿ. ಸಾವಕಾರ ಪಂಚೆ ಎತ್ತಿ ಗಟಾರ ದಾಟುವುದನ್ನು ಮಗ್ಗದ ಸಂದಿಯಲ್ಲೇ ನಿಂತು ಮಾಡಿ ತೋರಿಸುತ್ತಿದ್ದ. ಅಪ್ಪ ನಕ್ಕು ನಕ್ಕು, ಎಳೆ ಹರಿದದ್ದನ್ನು ನೋಡದೆ, ಗೇಣುದ್ದ ಬಟ್ಟೆ ಕೆಡಿಸಿಕೊಂಡದ್ದಿದೆ. ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಹಚ್ಚಿ ದಿನವಿಡೀ ನಿಲ್ಲುತ್ತಿದ್ದರು. ಒಬ್ಬನ ಮಗ್ಗದಲ್ಲಿ ಎಳೆ ಹರಿದರೆ ಇನ್ನೊಬ್ಬನಿಗೆ ನೆಲದ ನಡುಕದಿಂದಲೇ ಗೊತ್ತಾಗುತ್ತಿತ್ತು.

ಬಾಯಿಂದ ಆಡಲೇಬೇಕಾದ ಮಾತನ್ನೆಲ್ಲ ಸಂಜೆಗೆ ಎತ್ತಿಡುತ್ತಿದ್ದೆವು. ಆ ವರ್ಷಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟ್ ತೆಗೆಯುತ್ತಿದ್ದರು, ನಿಮಗೂ ನೆನಪಿರಬಹುದು. ಉಳಿದ ಊರು ಅದಕ್ಕಾಗಿ ಶಾಪ ಹಾಕುತ್ತಿತ್ತು, ನಮ್ಮ ಓಣಿ ಕಾಯುತ್ತಿತ್ತು. ಏನಾದರೂ ಕೇಳಲು ಹೋದರೆ ಅವ್ವ ಕೈಯಿಂದ ಬಲ್ಬು ತೋರಿಸಿ, ತಡಿ, ಅದು ಹೋಗಲಿ ಎನ್ನುತ್ತಿದ್ದಳು. ಮಗ್ಗಗಳು ಒಮ್ಮೆಲೇ ಸಾಯುತ್ತಿದ್ದವು. ಲಾಳಿ ಹಾಸಿನ ನಡುವೆ ಎಲ್ಲಿತ್ತೋ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅರೆಗಳಿಗೆ ಬಿಟ್ಟು ಪ್ರತಿ ಮನೆಯಿಂದಲೂ ಮಾತು ಏಳುತ್ತಿತ್ತು, ಮಳೆ ನಿಂತ ಮೇಲೆ ಕಪ್ಪೆ ಎದ್ದ ಹಾಗೆ. ಎದುರು ಮನೆಯ ಗಂಡ ಹೆಂಡತಿ ಜಗಳಕ್ಕೆ ನಿಂತರೆ, ಕರೆಂಟ್ ಬಂದು ಮಗ್ಗ ಖಟಖಟ ಹೊಡಕೊಂಡ ತಕ್ಷಣ ಅಲ್ಲಿಗೇ ಬಿಟ್ಟು ಕೆಲಸಕ್ಕೆ ಹತ್ತುತ್ತಿದ್ದರು. ಮರುದಿನ ಸಂಜೆ ಆಕೆ, ನಿನ್ನಿ ಬೈಕೋತ ನಮ್ಮವ್ವನ ಮಟಾ ಬಂದಿದ್ದಿ, ಈಗ ಮುಂದ ಹೇಳು ಎಂದು ಶುರು ಮಾಡುತ್ತಿದ್ದಳು. ಓಣಿಯಲ್ಲಿ ಯಾವ ಜಗಳವೂ ಕೈಮೀರಿ ಹೋದದ್ದು ನನಗೆ ನೆನಪಿಲ್ಲ. ಅದಕ್ಕೆಲ್ಲ ಹೊತ್ತು ಸಾಲುತ್ತಿರಲಿಲ್ಲ.

ಪಡಸಾಲೆಯಲ್ಲಿ ಚಿಮಣಿ ದೀಪ ಹಚ್ಚುವ ಹಾಗಿರಲಿಲ್ಲ. ನೂಲು, ಧೂಳು ಎಲ್ಲೆಲ್ಲೂ ಹರಡಿರುವಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ಚಿಮಣಿ ಅಡಿಗೆಮನೆಯ ಮೂಲೆಯಲ್ಲಿ, ನಾವೆಲ್ಲ ಮಗ್ಗಗಳ ನಡುವೆ ಕತ್ತಲಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣದೆ ಮನೆಯ ದೊಡ್ಡ ಮಾತುಗಳು ಅಲ್ಲೇ ತೀರ್ಮಾನವಾದವು. ಆಯಿಯ ಕಣ್ಣಿನ ಆಪರೇಶನ್, ರಾಜೂರಿನ ಹೊಲ ಬೇರೆಯವರಿಗೆ ಲಾವಣಿಗೆ ಕೊಟ್ಟದ್ದು, ನಾನು ಕಾಲೇಜಿಗೆ ಧಾರವಾಡಕ್ಕೆ ಹೋಗುವುದು, ಎಲ್ಲ. ಮನೆಗೆ ಹಿರಿಯ ಅಪ್ಪ, ಕೇಳುವುದು ಅವನನ್ನೇ. ಅವನು ಮಾತ್ರ ಕತ್ತಲಲ್ಲಿ ಏನೂ ಅನ್ನುತ್ತಿರಲಿಲ್ಲ. ಬ್ಯಾಡ ಅಂದಿಲ್ಲಲ್ಲ, ಅಂದ್ರ ಹೂಂ ಅಂದಂಗ ಎಂದು ಆಯಿ ತೀರ್ಪು ಕೊಡುತ್ತಿದ್ದಳು. ಅದೇ ಮನೆಯ ಕಾಯದೆ ಆಯಿತು. ಹಗಲು ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಜೊತೆ ನಗುವ ಮನುಷ್ಯ ಸಂಜೆ ಹೀಗೇಕೆ ಗಂಭೀರನಾಗುತ್ತಾನೆಂದು ಯಾರೂ ಕೇಳಲಿಲ್ಲ. ಓಣಿಯಲ್ಲಿ ಅವನಿಗೆ ತೂಕದ ಮನುಷ್ಯ ಎಂದು ಹೆಸರೇ ಬಿತ್ತು. ನಮ್ಮಣ್ಣ ಕೋರ್ಟ್ ಇದ್ದಂಗ, ಅರ್ಜಿ ತಗೋತಾನ, ತಾರೀಖು ಕೊಡಂಗಿಲ್ಲ ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದ. ನನ್ನ ಧಾರವಾಡದ ವಿಷಯವನ್ನು ಅವ್ವ ಎತ್ತಿದ ಸಂಜೆಯೂ ಅಷ್ಟೇ. ಅಪ್ಪ ಏನೂ ಅನ್ನಲಿಲ್ಲ. ಹೋಗುವ ದಿನ ನನ್ನ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದ.

ಕಾಕಾನ ಮಾತು ಬಂದದ್ದು ಅದಕ್ಕಿಂತ ಮುಂಚೆ, ನಾನು ಇನ್ನೂ ಹೈಸ್ಕೂಲಿನಲ್ಲಿದ್ದಾಗ. ನೂಲು ಸರಿಯಾಗಿ ಬರದೆ ಮಗ್ಗಗಳು ಅರ್ಧ ದಿನ ನಿಲ್ಲುತ್ತಿದ್ದವು. ರಬಕವಿಯ ಕಡೆ ಒಬ್ಬರು ಕಾಕಾನಿಗೆ, ನಿನ್ನ ಎರಡು ಮಗ್ಗ ತಗೊಂಡು ಬಾ, ನಮ್ಮ ಶೆಡ್ಡಿನಲ್ಲಿ ಹಾಕು, ಕೆಲಸಕ್ಕೆ ಕೊರತೆಯಿಲ್ಲ ಎಂದಿದ್ದರು. ಕಾಕಾನಿಗೆ ಹೋಗುವ ಮನಸ್ಸಿತ್ತೋ, ಅಣ್ಣ ತಡೆಯಲಿ ಎಂಬ ಮನಸ್ಸಿತ್ತೋ ನಾನು ಹೇಳಲಾರೆ. ಆ ಸಂಜೆ ಅವನು ತನ್ನ ಮಗ್ಗದ ಮರದ ಪಟ್ಟಿಯ ಮೇಲೆ ಕೂತಿದ್ದ, ಅಪ್ಪ ಅವನಿಗೆ ಬೆನ್ನು ಮಾಡಿ ನಿಂತಿದ್ದ. ಶೆಡ್ಡಿನ ಸಂಗತಿಯನ್ನೆಲ್ಲ ಹೇಳಿ ಮುಗಿಸಿ ಕಾಕಾ ಕೊನೆಗೆ ಅಂದ:

"ಅಣ್ಣಾ, ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ."

ಅಪ್ಪ ಏನೂ ಅನ್ನಲಿಲ್ಲ. ಕಾಕಾ ಕಾದ. ನಾವೂ ಕಾದೆವು. ಆಮೇಲೆ ಕರೆಂಟ್ ಬಂತು, ಅಪ್ಪನ ಮಗ್ಗ ಹೊಡಕೊಂಡಿತು. ಕಾಕಾ ತನ್ನ ಮಗ್ಗ ಹಚ್ಚಲಿಲ್ಲ. ಮುಂದಿನ ವಾರ ಲಾರಿ ಬಂತು. ಮಗ್ಗ ಬಿಚ್ಚುವಾಗ ಅಪ್ಪ ಬಂದು ನಡುವೆ ನಿಂತು ಅವ್ವನ ಕಡೆ ತಿರುಗಿ ಎರಡೂ ಅಂಗೈ ಮೇಲೆ ಮಾಡಿದ. ಏನಿದು ಎಂದು ಕೇಳುವ ಸನ್ನೆ ಅದು. ಸಂಕಟಕ್ಕೆ ಹಾಗೆ ಮಾಡುತ್ತಿದ್ದಾನೆ ಎಂದು ಅವ್ವ ಕಣ್ಣೊರೆಸಿಕೊಂಡಳು. ಕಾಕಾ ಕಾಲು ಮುಟ್ಟಲು ಬಗ್ಗಿದಾಗ ಅಪ್ಪ ಹಿತ್ತಲಿಗೆ ಹೋಗಿಬಿಟ್ಟ. ಅಲ್ಲಿಂದ ಮುಂದೆ ಕಾಕಾ ಆಯಿ ಸತ್ತಾಗ ಒಮ್ಮೆ ಬಂದ, ಮಣ್ಣು ಮಾಡಿ ಬಸ್ಸು ಹತ್ತಿದ. ಅಣ್ಣತಮ್ಮಂದಿರು ಒಂದು ಮಾತೂ ಆಡಲಿಲ್ಲ.

ಅಪ್ಪನ ಎರಡು ಮಗ್ಗಗಳೂ ಕೆಲವು ವರ್ಷಗಳ ಮೇಲೆ ಗುಜರಿಗೆ ಹೋದವು. ಮನೆ ಸುಮ್ಮನಾಯಿತು. ಆ ಹೊತ್ತಿಗೆ ಅಪ್ಪನ ಕೈಗೆ ಮೊಬೈಲ್ ಬಂದಿತ್ತು. ನಾನು ಫೋನ್ ಮಾಡಿದರೆ ಜೇಬಿನಲ್ಲಿ ನಡುಗುವುದನ್ನು ತೆಗೆದು ಒಂದು ಕ್ಷಣ ಅದನ್ನೇ ನೋಡಿ ಅವ್ವನ ಕೈಗೆ ಕೊಡುತ್ತಿದ್ದ. ವಿಡಿಯೋದಲ್ಲಿ ಮಾಡಿದರೆ ಮಾತ್ರ ಚಲೋ ಮಾತಾಡುತ್ತಿದ್ದ. ಮಗಳ ಮುಖ ನೋಡುವ ಆಸೆ ಎಂದು ನಾನು ಖುಷಿಪಟ್ಟಿದ್ದೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ತಿರುಗಿದ ವರ್ಷ ಅಪ್ಪ ಸಿಟ್ಟಿನ ಮನುಷ್ಯನಾದ. ಯಾರು ಏನು ಕೇಳಿದರೂ ಮುಖ ತಿರುಗಿಸುತ್ತಿದ್ದ. ಕೆಮ್ಮು ಹೆಚ್ಚಾಯಿತೆಂದು ಗದಗಿನ ಒಂದು ದವಾಖಾನೆಗೆ ಕರೆದೊಯ್ದೆ. ಚಿಕ್ಕ ವಯಸ್ಸಿನ ಡಾಕ್ಟರು ಮಾಸ್ಕಿನ ಹಿಂದಿನಿಂದ ನಾಲ್ಕು ಪ್ರಶ್ನೆ ಕೇಳಿದರು. ಅಪ್ಪ ಅವರ ಹಣೆ ನೋಡುತ್ತ ಕೂತಿದ್ದ. ಅವರು ಒಂದು ಹೆಜ್ಜೆ ಹಿಂದೆ ಸರಿದು ಮಾಸ್ಕ್ ಕೆಳಗಿಳಿಸಿ ಅದನ್ನೇ ಕೇಳಿದರು. ಅಪ್ಪ ಪಟಪಟನೆ ಉತ್ತರ ಕೊಟ್ಟ. ಆಮೇಲೆ ಅವರು ಅಪ್ಪನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಅಪ್ಪ ತಿರುಗಲಿಲ್ಲ.

"ಇವರಿಗೆ ಕೇಳಸೂದ ಇಲ್ರಿ. ಮಗ್ಗದ ಮನಿಯವ್ರೇನು? ಭಾಳ ವರ್ಷ ಆಗಿರಬೇಕು."

ಎಷ್ಟು ವರ್ಷ ಎಂದು ಕೇಳಿದೆ. ಅದನ್ನು ಈಗ ಹೇಳಲು ಬರುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ರೋಣ ದಾಟುವವರೆಗೂ ನಾನು ನೆನಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದೆ. ಹೊಲದ ಮಾತು ಕೇಳಿಸಿತ್ತೇ? ಆಯಿಯ ಕಣ್ಣಿನದು? ನನ್ನ ಕಾಲೇಜಿನದು? ನಾವು ಅವನ ಒಪ್ಪಿಗೆ ಎಂದು ನಂಬಿ ನಡೆದ ದಾರಿಗಳಲ್ಲಿ ಯಾವುದಕ್ಕೆ ಅವನು ಒಪ್ಪಿದ್ದ, ಯಾವುದು ಅವನ ಬೆನ್ನ ಹಿಂದೆ ಹಾದುಹೋದದ್ದು? ಮನೆಗೆ ಬಂದು, ಹಿತ್ತಲಿನ ಬೆಳಕಿನಲ್ಲಿ ಅಪ್ಪನ ಎದುರು ಕೂತು, ಕಾಕಾನ ವಿಷಯ ಒಂದನ್ನೇ ಕೇಳಿದೆ. ಹೋಗುವ ಮುಂಚೆ ಅವನು ನಿನ್ನನ್ನು ಕೇಳಿದ್ದು ನೆನಪಿದೆಯೇ ಎಂದೆ. ನನ್ನ ತುಟಿಯನ್ನೇ ನೋಡುತ್ತಿದ್ದ ಅಪ್ಪ ತಲೆ ಅಲ್ಲಾಡಿಸಿದ.

"ಪರಸ್ಯಾ ಎಲ್ಲಿ ಕೇಳಿದ? ಒಂದ್ ಮಾತ್ ಹೇಳದ ಮಗ್ಗ ಬಿಚ್ಚಿದ."

ನನ್ನ ಧಾರವಾಡದ ಬಗ್ಗೆ ಕೇಳಲು ಬಾಯಿ ಬರಲಿಲ್ಲ.

ರಬಕವಿಗೆ ಹೋಗಿ ಕಾಕಾನಿಗೆ ಇದನ್ನು ಹೇಳಿದೆ. ಅವನು ಹಗುರಾಗುತ್ತಾನೆ ಎಂದುಕೊಂಡಿದ್ದೆ. ಕಾಕಾ ಒಪ್ಪಲಿಲ್ಲ. ಇಲ್ಲ ತಂಗಿ, ಅಂವಗ ಕೇಳಿಸೇತಿ ಎಂದ. ತಾನು ಮಾತು ಮುಗಿಸಿದ ಕೂಡಲೇ ಅಣ್ಣ ಮಗ್ಗ ಹಚ್ಚುವ ಗುಂಡಿಯ ಮೇಲೆ ಕೈ ಇಟ್ಟದ್ದು ಕತ್ತಲಲ್ಲೂ ತನಗೆ ಗೊತ್ತಾಯಿತು, ಉತ್ತರ ಕೊಡಲು ಮನಸ್ಸಿಲ್ಲದವನು ಹಾಗೆ ಮಾಡುತ್ತಾನೆ, ಕರೆಂಟ್ ಬಂದದ್ದು ಆಮೇಲೆ ಎಂಬುದು ಅವನ ವಾದ. ಅವ್ವನನ್ನು ಕೇಳಿದರೆ, ಮೊದಲು ಎದುರು ಓಣಿಯಲ್ಲಿ ದೀಪ ಬಂತು, ಅದನ್ನು ನೋಡಿ ನಿಮ್ಮಪ್ಪ ಗುಂಡಿ ಒತ್ತಿದರು ಅನ್ನುತ್ತಾಳೆ. ನಾನು ಅದೇ ಪಡಸಾಲೆಯಲ್ಲಿ, ಇಬ್ಬರ ನಡುವೆ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಕೂತಿದ್ದೆ. ಯಾವುದು ಮೊದಲು ಎಂದು ನನಗೆ ನೆನಪಿಲ್ಲ. ಬೇರೆಯವರ ಮನೆಯ ಘಟನೆಗಳನ್ನು ಹಿಂದುಮುಂದಾಗದಂತೆ ಬರೆಯುವುದೇ ಇಷ್ಟು ವರ್ಷ ನನ್ನ ಕೆಲಸ. ಈ ಒಂದು ಗಳಿಗೆಯನ್ನು ಎಷ್ಟು ಸಲ ಬರೆದರೂ ಎರಡು ಥರ ಆಗುತ್ತದೆ. ಕೇಳಿಸಿದ್ದೇ ಖರೆಯಾದರೆ ಅಪ್ಪ ತಮ್ಮನನ್ನು ಬೇಕೆಂದೇ ಬಿಟ್ಟ. ಕೇಳಿಸದಿದ್ದರೆ ಇಬ್ಬರೂ ಇಷ್ಟು ವರ್ಷ ಸುಮ್ಮಸುಮ್ಮನೆ ಬೆಂದರು. ಯಾವುದು ಸಮಾಧಾನ ಕೊಡುವಂಥದ್ದು ಎಂದು ಕೂಡ ನನಗೆ ತಿಳಿಯದು.

ಅಪ್ಪ ಈಗಿಲ್ಲ. ಅವ್ವ ನನ್ನ ಜೊತೆಗಿದ್ದಾಳೆ. ಗಜೇಂದ್ರಗಡದ ಮನೆಯ ಪಡಸಾಲೆಯನ್ನು ಯಾರೋ ಸಿಮೆಂಟ್ ಚೀಲ ಇಡಲು ಬಾಡಿಗೆಗೆ ಹಿಡಿದಿದ್ದಾರೆ. ಓಣಿಯಲ್ಲಿ ಈಗ ಸಂಜೆ ಕರೆಂಟ್ ಹೋಗುವುದು ಅಪರೂಪ. ಹೋದರೂ ಯಾವ ಮನೆಯಿಂದಲೂ ಮಾತು ಏಳುವುದಿಲ್ಲ.

ಆದರೆ ಅಪ್ಪ ಇದ್ದಾಗಲೇ, ನಾನು ರಬಕವಿಯಿಂದ ಬಂದ ಕೆಲವು ವಾರಗಳ ಮೇಲೆ, ಕಾಕಾ ತಾನೇ ಬಂದಿದ್ದ. ಮುಂಚೆ ತಿಳಿಸಿರಲಿಲ್ಲ. ತಲೆ ಬೆಳ್ಳಗಾಗಿತ್ತು, ಅದು ಹತ್ತಿಯ ಧೂಳಲ್ಲ. ಖಾಲಿ ಪಡಸಾಲೆಯಲ್ಲಿ ಅಪ್ಪನ ಎದುರು, ಬಾಗಿಲಿನ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ, ಕುರ್ಚಿ ಎಳೆದುಕೊಂಡು ಕೂತ. ಅದೊಂದು ಮಾತನ್ನು ಈಗ ಎತ್ತುತ್ತಾನೆ ಎಂದು ನಾನೂ ಅವ್ವನೂ ಅಡಿಗೆಮನೆಯ ಬಾಗಿಲಲ್ಲೇ ನಿಂತೆವು. ಅವನು ಎತ್ತಲಿಲ್ಲ. ನೂಲಿನ ದರ, ಹೊಳೆಆಲೂರಿನ ಕಡೆ ಹೊಳೆ ತುಂಬಿ ಬಂದದ್ದು, ತನ್ನ ಮಗನಿಗೆ ಕನ್ನಡಕ ಬಂದದ್ದು, ಹೀಗೆ ಏನೇನೋ ಬಿಡಿಬಿಡಿಯಾಗಿ, ಒಂದೊಂದು ಮಾತಿಗೂ ತುಟಿ ಅಗಲಿಸಿ ಹೇಳಿದ. ಅಪ್ಪ ಹೂಂ ಅನ್ನುತ್ತಿದ್ದ. ಉಂಡಾದ ಮೇಲೆ ಕಾಕಾ ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದ. ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಬಗ್ಗಿದ್ದ.

"ಪರಸ್ಯಾ," ಅಂದ ಅಪ್ಪ, ಗೋಡೆಗೆ ಕೈ ಹಚ್ಚಿ ಏಳುತ್ತ, "ಇವತ್ತ ಹೋಗಬ್ಯಾಡ."

ಕಾಕಾ ಬಗ್ಗಿದವನು ಬಗ್ಗಿದ ಹಾಗೆಯೇ ಇದ್ದ. ಅಣ್ಣನ ಕಡೆ ತಿರುಗಿ ಚೀಲವನ್ನು ಹೊಸ್ತಿಲ ಒಳಗೆ ಇಟ್ಟ. ಆಮೇಲೆ ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ಸಾವಕಾಶ ಬಿಚ್ಚಿದ.