ಎರಡನೇ ಸೂಜಿ

ಅಕ್ಕನನ್ನು ಇನ್ನೊಮ್ಮೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ನಾನು ಕರೆದುಕೊಂಡು ಹೋಗಲಿಲ್ಲ. ಹೋಗಬೇಕಿತ್ತು ಎಂಬುದನ್ನೇ ಅಕ್ಕನಿಗೆ ಹೇಳಲಿಲ್ಲ.

ಈಗ ಇದನ್ನು ಬರೆಯುತ್ತಿರುವುದಕ್ಕೆ ಮೊನ್ನೆ ಸಂಜೆ ಕರೆಂಟು ಹೋದದ್ದೇ ಕಾರಣ. ನಮ್ಮೂರು ಚಿನಕುರಳಿಯಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ ಬಿಡಿ. ಮೊಬೈಲಿನ ಟಾರ್ಚು ಹಾಕಿದೆ. ಕಣ್ಣಿಗೆ ಹೊಡೆಯಿತೆಂದು ಅಂಗೈ ಅಡ್ಡ ಹಿಡಿದರೆ ಬೆರಳುಗಳೆಲ್ಲ ಕೆಂಪಗೆ ಹೊಳೆದವು. ಕಲ್ಲು ತುಂಬಿದ ಟ್ರಾಕ್ಟರು ಓಡಿಸಿ ದಡ್ಡುಗಟ್ಟಿದ ಕೈ ಇದು. ಇದರೊಳಗೂ ಬೆಳಕು ಹೋಗುತ್ತದಲ್ಲ ಎಂದು ನೋಡುತ್ತಾ ಕೂತೆ. ಕರೆಂಟು ಬಂದರೂ ಆರಿಸಲಿಲ್ಲ.

ಅಕ್ಕನನ್ನು ಬೆಳಗೊಳಕ್ಕೆ ಕೊಟ್ಟಿದ್ದು. ಭಾವ ತೀರಿಕೊಂಡ ಮೇಲೆ ಅವಳ ಆಸ್ಪತ್ರೆ ಓಡಾಟಕ್ಕೆಲ್ಲ ಜೊತೆ ನಾನೇ. ನಮ್ಮ ಮನೆಯಲ್ಲಿ ಏಳನೇ ಕ್ಲಾಸು ಮುಟ್ಟಿದವನು ನಾನೊಬ್ಬ. ಪಾಸಾದೆನೋ ಇಲ್ಲವೋ ಅದನ್ನು ಮಾತ್ರ ಕೇಳಬೇಡಿ. ಅವಳ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನಾಚಿಕೊಂಡು ನನ್ನ ಹೆಂಡತಿಗೆ ಹೇಳಿದಳು, ಅವಳು ನನಗೆ ಹೇಳಿದಳು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಒಂದು ಚೂರು ತೆಗೆದುಕೊಂಡರು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು, ಏನೂ ಇಲ್ಲವೆಂದಾದರೆ ಮಾರಮ್ಮನಿಗೆ ಟಗರು ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು.

ರಿಪೋರ್ಟಿಗೆ ನಾನು ಮಾತ್ರ ಹೋಗಿದ್ದೆ. ಡಾಕ್ಟರು ಬಿಡಿಸಿ ಹೇಳಿದರು: ತೆಗೆದ ಚೂರಿನಲ್ಲಿ ಕೆಟ್ಟದ್ದೇನೂ ಕಂಡಿಲ್ಲ, ಆದರೆ ಗಂಟು ಚಿಕ್ಕದು, ಸೂಜಿ ಪಕ್ಕದ ಕೊಬ್ಬಿಗೆ ಹೋಗಿರಬಹುದು, ಇನ್ನೊಮ್ಮೆ ತೆಗೆದು ನೋಡಲೇಬೇಕು. ನನಗೆ ಚೆನ್ನಾಗಿಯೇ ಅರ್ಥವಾಯಿತು. ಆದರೆ ಗಂಟಿಗೆ ಕಬ್ಬಿಣ ಮುಟ್ಟಿಸಿದರೆ ಕೆರಳುತ್ತದೆ ಎಂಬ ಮಾತು ನಮ್ಮ ಕಡೆ ಉಂಟು. ಒಮ್ಮೆ ಮುಟ್ಟಿಸಿದ್ದಕ್ಕೇ ನನ್ನ ಜೀವ ಹೊಯ್ದಾಡುತ್ತಿತ್ತು. ಫೋನಿನಲ್ಲಿ ಅಕ್ಕನಿಗೆ ಅರ್ಧ ಮಾತು ದಾಟಿಸಿದೆ, ಕೆಟ್ಟದ್ದೇನೂ ಕಂಡಿಲ್ಲವಂತೆ ಎಂದು. ಉಳಿದರ್ಧ ಎದುರಿಗೇ ಹೇಳೋಣ ಎಂದುಕೊಂಡೆ. ನಾನು ಬೆಳಗೊಳ ತಲುಪುವಷ್ಟರಲ್ಲಿ ಅವಳು ಟಗರು ಗೊತ್ತುಮಾಡಿ, ನೆಂಟರಿಗೆಲ್ಲ ಹೇಳಿ ಕಳಿಸಿ ಆಗಿತ್ತು.

ಹರಕೆ ತೀರಿಸಿದ ಮೇಲೆ ಮತ್ತೆ ಪರೀಕ್ಷೆ ಎಂದರೆ, ನಮ್ಮವರ ಪಾಲಿಗೆ ಅದು ದೇವರನ್ನೇ ಅನುಮಾನಿಸಿದ ಹಾಗೆ. ಊಟದ ದಿನ ಅಕ್ಕ ಹೊಸ ಸೀರೆ ಉಟ್ಟು ಓಡಾಡಿದಳು. ಮುದ್ದೆಗೆ ಸಾರು ಸುರಿದುಕೊಳ್ಳುತ್ತಾ ಎಲ್ಲರೂ ಅವಳಿಗೆ ನೂರು ವರ್ಷ ಆಯಸ್ಸು ಕೊಟ್ಟರು. ನಾನೂ ಉಂಡೆ. ಇನ್ನೊಂದು ಸಲ ಬಡಿಸಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ಆಮೇಲೆ ಹಬ್ಬ ಬಂತು, ಕಬ್ಬು ಕಟಾವು ಬಂತು, ನನಗೆ ಬಾಯಿ ಮಾತ್ರ ಬರಲಿಲ್ಲ.

ಗಂಟು ನಿಂಬೆಹಣ್ಣಿನಷ್ಟಾದಾಗ ಅಕ್ಕನೇ ಹೊರಡು ಅಂದಳು. ಬೆಂಗಳೂರಿಗೆ ಹೋದೆವು. ಅಲ್ಲಿ ಹೊಸ ಬಗೆಯ ಸೂಜಿಯನ್ನು, ಒಪ್ಪಿದವರಿಗೆ ಮಾತ್ರ, ಹಾಕಿ ನೋಡುತ್ತಿದ್ದರು. ಸೂಜಿಯೊಳಗೆ ಕೂದಲಿನಂಥ ಗಾಜಿನ ಎಳೆ. ಅದರ ತುದಿಯಿಂದ ಬೆಳಕು ಮಾಂಸದೊಳಕ್ಕೆ ಹೋಗಿ ಹಿಂದಿರುಗುತ್ತದೆ. ಕೊಬ್ಬಿನಿಂದ ಬರುವ ಬೆಳಕು ಒಂದು ಥರ, ಗಂಟಿನಿಂದ ಬರುವುದು ಇನ್ನೊಂದು ಥರ. ಪರದೆಯ ಮೇಲೆ ಗೆರೆ ನೋಡಿ, ಸೂಜಿ ಸರಿಯಾದ ಜಾಗ ಸೇರಿದೆಯೆಂದು ತಿಳಿದ ಮೇಲೆ ಚೂರು ತೆಗೆಯುವುದು. ಕೊನೆಯ ಮಾತು ಲ್ಯಾಬಿನದೇ, ಇದು ಸೂಜಿಗೆ ದಾರಿ ತೋರಿಸುತ್ತದೆ ಅಷ್ಟೇ ಎಂದರು ಡಾಕ್ಟರಮ್ಮ.

ನಮ್ಮಕ್ಕ ಕೋಳಿಯನ್ನು ಕಾವಿಗೆ ಕೂರಿಸಿ, ಕೆಲವು ದಿನ ಬಿಟ್ಟು ಮೊಟ್ಟೆಗಳನ್ನು ಒಂದೊಂದೇ ಬೆಳಕಿಗೆ ಹಿಡಿದು, ಮರಿ ಕಟ್ಟಿದ್ದು ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸುವವಳು. "ಅಂಗಾರೆ ಮೊಟ್ಟೆ ನೋಡ್ದಂಗೆ ನೋಡ್ತೀರಾ ಅನ್ನಿ ನನ್ನ," ಎಂದಳು. ಡಾಕ್ಟರಮ್ಮ ನಕ್ಕು, ಹೌದಮ್ಮ, ದೀಪ ಒಳಗಿಂದ ಹಿಡಿಯುತ್ತೇವೆ ಅಷ್ಟೇ ಎಂದರು.

ಅಕ್ಕ ಒಪ್ಪಿದಳು. ಅವಳಿಗೆ ಸೂಜಿ ಹಾಕುವಾಗ ನಾನು ಬಾಗಿಲಾಚೆ ನಿಂತು, ಮೊದಲ ಸಲವೇ ಇಂಥ ಸೂಜಿ ಇದ್ದಿದ್ದರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಎಷ್ಟು ಹಿತ ನೋಡಿ, ತಪ್ಪೆಲ್ಲ ಸೂಜಿಯದಾಗುತ್ತದೆ. ಆದರೆ ಸೂಜಿ ತಪ್ಪಿರಬಹುದೆಂದು ಮೊದಲಿನ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಮುಚ್ಚಿಟ್ಟವನು ನಾನು.

ಲ್ಯಾಬಿನಿಂದ ಕ್ಯಾನ್ಸರು ಎಂದೇ ಬಂತು. ಆಪರೇಷನ್ನಾಯಿತು, ಔಷಧಿ ಏರಿಸಿದ್ದಾಯಿತು. ಈಗ ಅವಳ ತಲೆಯಲ್ಲಿ ಕೂದಲು ಪೈರಿನ ಹಾಗೆ ಮೊಳೆಯುತ್ತಿದೆ. ಮುಂದೆ ಹೇಗೋ ಎಂದು ಕೇಳಿದರೆ ಡಾಕ್ಟರು ನೋಡೋಣ ಎನ್ನುತ್ತಾರೆ.

ಟಾರ್ಚು ಹಿಡಿದು ಕೂತಿದ್ದ ಮರುದಿನ ಬೆಳಗೊಳಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ, ಇನ್ನೊಂದು ಟಗರು ನೋಡು, ಮಾರಮ್ಮನಿಗೆ ಒಪ್ಪಿಸಬೇಕು ಎಂದಳು. ಯಾಕೆ ಎಂದೆ. ಅವಳು ತಲೆ ಎತ್ತದೆಯೇ ಹೇಳಿದಳು:

"ಅವತ್ತು ನಾನೇ ಕೆಡಿಸ್ದೆ ಕಣ್ಲಾ. ಎಡೆ ಇಕ್ಕಕ್ಕೆ ಮುಂಚೇನೆ, ಉಪ್ಪು ಸರಿಯಾಗೈತಾ ಅಂತ ಸಾರು ನಾಲ್ಗೆಗೆ ಬುಟ್ಕಂಡಿದ್ದೆ. ಆ ಮಾರಮ್ಮ ಸುಮ್ಕೆ ಬುಟ್ಟಾಳಾ? ಅದ್ಕೇ ಈ ಕಾಯ್ಲೆ ಬಂತು."

ಆಪರೇಷನ್ನಿಗೆ ಒಳಗೆ ಹೋಗುವಾಗಲೂ ಇದನ್ನೇ ನೆನೆಯುತ್ತಾ ಹೋಗಿದ್ದಳಂತೆ. ಅವಳ ಕೈಯಿಂದ ಸೊಪ್ಪಿನ ಕಂತೆ ತೆಗೆದು ಪಕ್ಕಕ್ಕಿಟ್ಟೆ.

"ನಿನ್ ನಾಲ್ಗೆ ಏನೂ ಮಾಡ್ನಿಲ್ಲ ಕಣಕ್ಕ. ಇನ್ನೊಂದ್ಸಲ ಸೂಜಿ ಆಕ್ಬೇಕು, ಕರ್ಕೊಂಡ್ ಬಾ ಅಂತ ಡಾಕ್ಟ್ರು ಅವತ್ತೇ ಏಳಿದ್ರು. ನಾನು ನಿಂಗೆ ಏಳ್ನಿಲ್ಲ. ಏಳ್ದಲೇ ಕೂತ್ಕಂಡು ಉಂಡ್ಬುಟ್ಟೆ. ತಪ್ಪಾಯ್ತು ಕಣಕ್ಕ. ನಿಂದಲ್ಲ, ನಂದು ತಪ್ಪಾಯ್ತು."