ಬಂದರಿನ ಸ್ಕ್ರೂಡ್ರೈವರ್

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಪಾಸಾಗಿಯೇ ಬಿಟ್ಟದ್ದು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗುಂಟು, ನೀವೂ ಸಹಿಸಿಕೊಳ್ಳಬೇಕು.

ಆ ವರ್ಷ ಈಗ ನೆನಪಾಗಲು ಕಾರಣ, ಕೆಲವು ದಿನದ ಹಿಂದೆ ಪುಂಜಾಲಕಟ್ಟೆಯ ನನ್ನ ರಿಪೇರಿ ಶಾಪಿನ ಎದುರು ಬಸ್ಸಿನ ಕಂಡಕ್ಟರ್ ಕೊಟ್ಟುಹೋದ ಒಂದು ಕಟ್ಟು. ಹಳೆಯ ಪೇಪರಿನಲ್ಲಿ ಸುತ್ತಿ, ಬಲೆಯ ನೂಲಿನಲ್ಲಿ ಬಿಗಿದಿತ್ತು. ಬಿಚ್ಚುವ ಮೊದಲೇ ಡೀಸೆಲ್ಲೂ ಒಣಮೀನೂ ಬೆರೆತ ವಾಸನೆ ಬಂತು. ಒಳಗೆ ಒಂದೂವರೆ ಅಡಿ ಉದ್ದದ, ಮರದ ಹಿಡಿಯ ಸ್ಕ್ರೂಡ್ರೈವರ್. ಆ ಹಿಡಿಯ ತುದಿಯನ್ನು ಅಷ್ಟು ನುಣುಪಾಗಿ ಸವೆಸಿದ್ದು ಕಿವಿಗಳು ಎಂದರೆ ನೀವು ನಂಬಲಿಕ್ಕಿಲ್ಲ. ಜೊತೆಗೊಂದು ಚೀಟಿ: ‘ನನ್ನ ಮೊಣಕಾಲು ಮುಗಿಯಿತು. ಶಾಪಿನ ಜಾಗ ಈ ತಿಂಗಳ ಕೊನೆಗೆ ಬಿಡಬೇಕು. ನೀನು ನಡೆಸುವುದಾದರೆ ಜಾಗದವರು ನಿನ್ನ ಹೆಸರಿಗೆ ಕೊಡ್ತಾರಂತೆ. ಬಂದರಿಗೆ ಬರ್ತೀಯಾ, ಇಲ್ಲವಾ? ಕೊನೆಯ ಮಾತು ಹೇಳು.’

ಬರೆದವರು ಅದ್ರಾಮಾಕ. ಮಂಗಳೂರಿನ ಹಳೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಅವರ ಕೈಕೆಳಗೆ ನನ್ನನ್ನು ಬಿಟ್ಟುಬಂದದ್ದು ನನ್ನ ಸೋದರಮಾವ. ಓಡುವ ಇಂಜಿನಿಗೆ ಈ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಕೊಟ್ಟು, ಅದ್ರಾಮಾಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಬೇರಿಂಗ್ ಹೋಗಿದೆ, ಯಾವ ವಾಲ್ವ್ ಕೂರುವುದಿಲ್ಲ ಎಂದು ಒಂದು ನಟ್ಟೂ ಬಿಚ್ಚದೆ ಹೇಳುತ್ತಿದ್ದರು. ನನಗೆ ಮೊದಮೊದಲು ಬರೀ ಗಡಗಡ.

“ಏಳನೇ ಕ್ಲಾಸು ಪಾಸಂತೆ,” ಎಂದು ಎಲ್ಲರೆದುರು ಹೇಳುತ್ತಿದ್ದರು. “ಇವನ ಕಿವಿ ಇನ್ನೂ ಒಂದನೇ ಕ್ಲಾಸಿನಲ್ಲೇ ಉಂಟು ಮಾರಾಯ್ರೆ.”

ಆ ಹಟಕ್ಕೇ ಕಲಿತೆ. ಐದಾರು ವರ್ಷಗಳಲ್ಲಿ ಬೋಟಿನವರು “ಆ ಪುಂಜಾಲಕಟ್ಟೆಯವನನ್ನು ಕರೀರಿ” ಎನ್ನುವಷ್ಟಾದೆ. ಬಂದರಿನ ಹಳಮೆಯ ಬಗ್ಗೆ ಓದಿದವರು ಬೇಕಾದಷ್ಟು ಹೇಳುತ್ತಾರೆ, ಎಲ್ಲೆಲ್ಲಿಂದಲೋ ಹಡಗು ಬಂತು, ಕಾಳುಮೆಣಸು ಹೋಯಿತು ಎಂದು. ನಾನು ಕಂಡದ್ದು ಕೈಗಾಡಿ ಎದುರಾದರೆ ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಗಳು, ಮೆಣಸಿನ ಮೂಟೆ ಹೊತ್ತು ದಿನವಿಡೀ ಸೀನುವ ಹಮಾಲಿಗಳು. ಆದರೆ ಅಲ್ಲಿ ಬಗ್ಗಿ ಕೆಲಸ ಮಾಡುವಾಗ ಒಂದು ದೊಡ್ಡ ಕೆಲಸಕ್ಕೆ ಸೇರಿದವನು ನಾನು ಅನ್ನಿಸುತ್ತಿತ್ತು. ಅದು ಸುಳ್ಳಲ್ಲ.

ಅಲ್ಲಿಯ ಶತ್ರು ಉಪ್ಪು. ರಿಪೇರಿ ಮುಗಿದರೆ ಪ್ರತಿ ನಟ್ಟಿಗೂ ಬೆಣ್ಣೆ ಮೆತ್ತಿದ ಹಾಗೆ ಗ್ರೀಸ್ ಬಳಿಯಬೇಕು. ನನ್ನ ಬದುಕು ತಿರುಗಿದ್ದು ಈ ಗ್ರೀಸಿನಿಂದ.

ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಮೀನಿಗೆ ಹೋಗುವಂತಿಲ್ಲ. ಇಂಜಿನ್ ಬಿಚ್ಚಿ ಕಟ್ಟುವುದಕ್ಕೆ ಆಗಲೇ ಸಮಯ. ನಮ್ಮೂರಿನ ಬೈಲಿನ ಗದ್ದೆಗಳಲ್ಲಿ ಉಳುವ ಟಿಲ್ಲರುಗಳು ಕೆಡುವುದೂ ಸರಿಯಾಗಿ ಅದೇ ಎರಡು ತಿಂಗಳು. ನನ್ನ ಮದುವೆಯಾದ ಮೇಲೆ, ಒಂದು ಜುಲೈಯ ಭಾನುವಾರ ಮನೆಗೆ ಬಂದಾಗ, ನೆರೆಮನೆಯ ಅರಿಗರು ಅವರ ಟಿಲ್ಲರ್ ತೋರಿಸಿದರು. ರಿಪೇರಿ ಮಾಡಿದೆ. ಕೈಗೆ ಅಭ್ಯಾಸವಾದ ಹಾಗೆ ಎಲ್ಲ ಕಡೆ ಗ್ರೀಸ್ ಬಳಿದು, ಸೋಮವಾರ ಮೊದಲ ಬಸ್ಸಿಗೆ ಬಂದರಿಗೆ ಹೋದೆ. ಮಧ್ಯಾಹ್ನ ನನ್ನ ಹೆಂಡತಿ ಸುಮತಿಯ ಫೋನು.

“ಇಂಜಿನ್ ಕೂಗ್ತದೆ, ಚಕ್ರ ತಿರುಗುದಿಲ್ಲ. ನಾಟಿಯ ನೇಜಿ ಕಿತ್ತು ಗದ್ದೆಯ ಹುಣಿಯಲ್ಲಿ ಇಟ್ಟಾಗಿದೆ. ಹನ್ನೆರಡು ಹೆಂಗಸರು ನಾಟಿಗೆ ಬಂದು ಮಳೆಯಲ್ಲಿ ನಿಂತಿದ್ದಾರೆ. ಅರಿಗರು ಬೈಯುದೂ ಇಲ್ಲ. ಅದೇ ನನಗೆ ಬೇಜಾರು.”

ಹೊಳೆಯಿತು. ಬಿಸಿಗೆ ಗ್ರೀಸ್ ಕರಗಿ ಬೆಲ್ಟಿಗೆ ಹತ್ತಿದೆ, ಬೆಲ್ಟ್ ಜಾರುತ್ತಿದೆ. ಉಪ್ಪೇ ಇಲ್ಲದ ಊರಿನಲ್ಲಿ ಉಪ್ಪಿಗೆ ಹೆದರಿದ್ದೆ.

“ಒಂದು ಟಿಲ್ಲರಿಗೋಸ್ಕರ ಹೋಗ್ತೀಯಾ?” ಅದ್ರಾಮಾಕ ಕೇಳಿದರು. “ಇಲ್ಲಿ ಏಳು ಬೋಟು ಬಿಚ್ಚಿ ಇಟ್ಟಿದೆ.”

“ಬೋಟಿಗೆ ನೀವಿದ್ದೀರಿ. ಅಲ್ಲಿ ನೋಡ್ಲಿಕ್ಕೆ ಯಾರೂ ಇಲ್ಲ.”

ಹೇಳುವಾಗ ಅದು ಬರೀ ನೆಪ. ಬಸ್ಸು ಬಂಟ್ವಾಳ ದಾಟುವಷ್ಟರಲ್ಲಿ ನನಗೇ ಅದು ನಿಜವೆಂದು ತಿಳಿಯಿತು. ಸೋಪಿನ ನೀರಿನಲ್ಲಿ ಬೆಲ್ಟ್ ತೊಳೆದು, ಬಟ್ಟೆಯಲ್ಲಿ ಒರಸಿ ಹಾಕಿದೆ. ಟಿಲ್ಲರ್ ಕೆಸರಿಗಿಳಿಯಿತು. ಗದ್ದೆಯಂಚಿನ ಹುಣಿಯಿಂದ ಒಬ್ಬ ಹೆಂಗಸು, “ನಿನ್ನೆ ಎಣ್ಣೆ ಸ್ನಾನ ಆಗಿತ್ತಲ್ಲ, ಅದಕ್ಕೇ ಟಿಲ್ಲರಿಗೆ ನಿದ್ದೆ ಬಂದದ್ದು,” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅರಿಗರು.

ಆ ಬೋಟುಗಳ ಕೆಲಸ ಮುಗಿಸಿಕೊಟ್ಟು ಊರಿಗೆ ಬಂದವನು ತಿರುಗಿ ಹೋಗಲಿಲ್ಲ, ಪುಂಜಾಲಕಟ್ಟೆಯಲ್ಲೇ ಶಾಪು ತೆರೆದೆ. ಹಳ್ಳಿ ಎಂದರೆ ನೆಮ್ಮದಿ ಎನ್ನುವವರು ಜುಲೈಯಲ್ಲಿ ನನ್ನ ಶಾಪಿಗೊಮ್ಮೆ ಬರಬೇಕು. ಆದರೂ ಈಗ ಅದ್ರಾಮಾಕರ ಚೀಟಿ ಓದಿ ಎರಡು ದಿನ ಮನಸ್ಸು ಬಂದರಿಗೆ ಓಡಿತು. ಬೋಟಿನ ದೊಡ್ಡ ಇಂಜಿನ್ ಮುಟ್ಟದೆ ಬಹಳ ವರ್ಷವಾಯಿತು. ಶಾಪಿಗೆ ನನ್ನ ಹೆಸರು ಎಂದರೆ ಸಣ್ಣ ಮಾತಲ್ಲ.

“ಹೋಗುದಾದ್ರೆ ಹೋಗಿ,” ಎಂದಳು ಸುಮತಿ. “ಇರುದಾದ್ರೆ ಇರಿ. ನಾಳೆ ‘ನಿನ್ನಿಂದ ಹೋಗ್ಲಿಲ್ಲ’ ಅಂತ ಮಾತ್ರ ಹೇಳ್ಬೇಡಿ.”

ಮೂರನೆಯ ದಿನ ರಿಪೇರಿಗೆ ಬಂದ ಒಂದು ಪಂಪು ಚಾಲು ಮಾಡಿ, ಸ್ಕ್ರೂಡ್ರೈವರ್ ಬಲಕಿವಿಗೆ ಕೊಟ್ಟೆ. ಏನೂ ಸಿಗಲಿಲ್ಲ. ಆ ಕಿವಿ ಮಂದವಾದದ್ದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಎಡಕಿವಿಗೆ ಕೊಟ್ಟಾಗ ಎಲ್ಲ ಸರಿಯಾಗಿ ಬಂತು. ಪಂಪು ನಿಲ್ಲಿಸಿದೆ. ಸುತ್ತ ಸದ್ದಿಲ್ಲ. ಆಗ ಬೈಲಿನಾಚೆ ಅರಿಗರ ಟಿಲ್ಲರ್ ಕೇಳಿತು, ಮೂರು ಬಡಿತಕ್ಕೊಮ್ಮೆ ತೊದಲುತ್ತಿತ್ತು. ಡೀಸೆಲ್ ಚಿಮ್ಮುವ ನಾಝಲ್ ಕಟ್ಟಿದೆ. ಸಂಜೆಯೊಳಗೆ ನಿಲ್ಲುತ್ತದೆ. ಅರಿಗರಿಗೆ ಅದಿನ್ನೂ ಗೊತ್ತಿಲ್ಲ. ಸಾಮಾನಿನ ಚೀಲ ಎತ್ತಿಕೊಂಡು ಹೊರಟೆ. ನಡೆಯುತ್ತಲೇ ಫೋನು ಮಾಡಿದೆ.

“ಅದ್ರಾಮಾಕ, ನಾನು ಬರುದಿಲ್ಲ.”

“ಆಲೋಚನೆ ಮಾಡಿ ಹೇಳುದಾ?”

“ಮಾಡಿಯೇ.”

“ಹಾಗಾದ್ರೆ ಶಾಪಿನ ಲೇತ್ ಮಿಶಿನ್ ಗುಜರಿಗೆ ಕೊಡ್ತೇನೆ.”

“ಗುಜರಿಗೆ ಕೊಟ್ರೆ ಬಂದು ಜಗಳ ಮಾಡ್ತೇನೆ.”

“ಜಗಳಕ್ಕಾದ್ರೂ ಬಾ ಮಾರಾಯ,” ಎಂದರು.

ಹೋದೆ. ಓಣಿಗೆ ಲಾರಿ ಬರುವುದಿಲ್ಲ. ಲೇತನ್ನು ಕೈಗಾಡಿಯಲ್ಲಿ ರಸ್ತೆಗೆ ತಂದು, ನಮ್ಮೂರಿಗೆ ಹೋಗುವ ಲಾರಿಗೆ ಹತ್ತಿಸಿದೆವು. ಅದ್ರಾಮಾಕ ಕುರ್ಚಿಯಲ್ಲಿ ಕುಳಿತೇ ಎಲ್ಲರಿಗೂ ಬೈದರು. ಇನ್ನು ಒಂದು ಶಾಫ್ಟ್ ಕಡೆಯಿಸಲು ನಾನು ಮೂಡುಬಿದಿರೆಗೆ ಓಡಬೇಕಾಗಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು: ಒಂದು ಲೇತ್, ಎರಡು ವೈಸ್, ರಿಪೇರಿಗೆ ಬಂದ ನಾಲ್ಕು ಟಿಲ್ಲರ್, ಒಂದು ಉದ್ದ ಸ್ಕ್ರೂಡ್ರೈವರ್, ಒಂದೂವರೆ ಕಿವಿ.